ಬಿಡಿಭಾಗಕ್ಕೆ ದುಡ್ಡು ಕೊಡ್ತೀವಿ, ಹುಡುಕಿದ್ದಕ್ಕೆ ಯಾಕೆ ಕೊಡಲ್ಲ?

ಕಳೆದ ಮುಂಗಾರಿಗೆ ಮುಂಚೆ ನಮ್ಮ ಓಮ್ನಿಯ ಮುಂದಿನ ಎರಡೂ ಶಾಕಪ್ಸರ್ ಹಾಕಿಸಿದೆ. ಹಳೆಯವು ಎಣ್ಣೆ ಸೋರಿ ಸತ್ತು ಹೋಗಿದ್ದವು. ಹೊಲದ ದಾರಿಯ ಗುಂಡಿಯಲ್ಲಿ ಇಳಿದರೆ ಗಾಡಿಯ ಮೂತಿ ನೆಲಕ್ಕೆ ಬಡಿಯುತ್ತಿತ್ತು. ಹಾಕಿಸಿದ್ದು ತಪ್ಪಲ್ಲ. ಆದರೆ ರಿಪೇರಿಯಾದ ಮಾರನೇ ದಿನದಿಂದಲೇ ಗಾಡಿಗೆ ಹೊಸ ಕಾಯಿಲೆ ಹತ್ತಿತು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಬಲಗಡೆ ಕೆಳಗಿನಿಂದ ‘ಟಣ್’ ಅಂತ ಶಬ್ದ. ಓಡಿಸುವಾಗ ತಿರುವು ದಾಟಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಕೈಯಲ್ಲಿ ಎಳೆದು ತರಬೇಕು.

ಕೃಷಿ ಪತ್ರಿಕೆಯಲ್ಲಿ ಇದೆಲ್ಲ ಏಕೆ ಎಂದು ಕೇಳಬಹುದು. ನನ್ನದು ಹಾರನಹಳ್ಳಿ ಕಡೆ ಮಳೆ ನಂಬಿದ ಹೊಲ. ಮೆಕ್ಕೆಜೋಳ, ಒಂದಿಷ್ಟು ರಾಗಿ, ಬದುವಿನಲ್ಲಿ ಅವರೆ ತೊಗರಿ. ನನ್ನಂಥವರ ಮನೆಯಲ್ಲಿ ಈಗ ಎತ್ತಿನ ಗಾಡಿ ಇಲ್ಲ, ಅದರ ಜಾಗದಲ್ಲಿ ಸೆಕೆಂಡ್ ಹ್ಯಾಂಡ್ ಓಮ್ನಿಯೋ ಹಳೇ ಪಿಕಪ್ಪೋ ಇದೆ. ಬೀಜ ಗೊಬ್ಬರ ತರಲಿಕ್ಕೆ ಅದೇ, ಎಪಿಎಂಸಿಗೆ ಚೀಲ ಹಾಕಲಿಕ್ಕೆ ಅದೇ, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆಗೂ ಅದೇ. ಕಂಪನಿಯವರು ಓಮ್ನಿ ಮಾಡುವುದನ್ನು 2019ರಲ್ಲೇ ನಿಲ್ಲಿಸಿದರು. ಅಂದರೆ ರಸ್ತೆಯ ಮೇಲಿರುವವೆಲ್ಲ ಹಳೆಯವು, ರಿಪೇರಿ ತಪ್ಪಿದ್ದಲ್ಲ. ಒಂದು ವರ್ಷದ ರಿಪೇರಿ ಖರ್ಚು ಕೆಲವರಿಗೆ ಗೊಬ್ಬರದ ಖರ್ಚಿನ ಹತ್ತಿರ ಬರುತ್ತದೆ.

ಶಾಕಪ್ಸರ್ ಹಾಕಿದ್ದು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ. ಶಬ್ದ ಬಂತೆಂದು ಅಲ್ಲಿಗೇ ವಾಪಸ್ ಹೋದೆ. ಹುಡುಗ ಒಂದು ಸಲ ಸ್ಟಿಯರಿಂಗ್ ಅಲ್ಲಾಡಿಸಿ ನೋಡಿ, ‘ಟೈ ರಾಡ್ ಎಂಡ್ ಹೋಗೈತೆ ಗೌಡ್ರೆ’ ಅಂದ. ಎರಡೂ ಕಡೆ ಹಾಕಿದರು. ಶಬ್ದ ಹಾಗೇ ಇತ್ತು. ಮೇಲಾಗಿ ಗಾಡಿ ಈಗ ಎಡಕ್ಕೆ ಎಳೆಯತೊಡಗಿತು, ನೇರ ಹೋಗುವಾಗ ಸ್ಟಿಯರಿಂಗ್ ಓರೆ ನಿಲ್ಲುತ್ತಿತ್ತು. ಮತ್ತೆ ಹೋದೆ. ಲೋವರ್ ಆರ್ಮ್ ಹಾಕಿದರು. ಶಬ್ದ ಹೋಗಲಿಲ್ಲ. ಮೂರನೇ ಸಲ ‘ಇನ್ನು ಉಳಿದಿದ್ದು ರ‍್ಯಾಕ್ ಒಂದೇ, ಅದೇ ಹೋಗಿರೋದು’ ಅಂದರು. ಅಷ್ಟೊತ್ತಿಗೆ ಶಾಕಪ್ಸರ್ ದುಡ್ಡು ಬಿಟ್ಟು ಏಳು ಸಾವಿರದ ಮೇಲೆ ಕೈಬಿಟ್ಟಿತ್ತು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ‘ಮುಂದಿನ ಆಕ್ಸಲ್ ಜಾಯಿಂಟ್ ಇರಬಹುದು’ ಅಂತ ಬಾಯಿ ಹಾಕಿದ. ಓಮ್ನಿಗೆ ಎಂಜಿನ್ನಿನ ಬಲ ಹೋಗುವುದು ಹಿಂದಿನ ಗಾಲಿಗೆ. ಮುಂದಿನ ಗಾಲಿಗೆ ಆ ಜಾಯಿಂಟೇ ಇಲ್ಲ! ಇಷ್ಟು ನನಗೂ ಗೊತ್ತಿತ್ತು. ಆವತ್ತು ಅನುಮಾನ ಬಂತು, ಇವರು ನೋಡಿ ಹೇಳುತ್ತಿಲ್ಲ, ಊಹಿಸಿ ಹೇಳುತ್ತಿದ್ದಾರೆ ಎಂದು.

ರ‍್ಯಾಕಿಗೆ ದುಡ್ಡಿರಲಿಲ್ಲ, ಹಾಗೇ ಓಡಿಸಿದೆ. ಅದು ನನ್ನದೇ ತಪ್ಪು. ಆಷಾಢದಲ್ಲಿ ಮನೆಯವಳನ್ನೂ ಮೊಮ್ಮಗನನ್ನೂ ಕೂರಿಸಿಕೊಂಡು ಭದ್ರಾವತಿಗೆ ಮಗಳ ಮನೆಗೆ ಹೊರಟಿದ್ದೆ. ಮಾಚೇನಹಳ್ಳಿ ಹತ್ತಿರ ದನ ಅಡ್ಡ ಬಂತು. ಬಲಕ್ಕೆ ತಿರುಗಿಸಿದೆ. ಬೇರೆ ಗಾಡಿಯಾದರೆ ಕೈ ಸಡಿಲ ಬಿಟ್ಟರೆ ತಾನೇ ನೇರವಾಗುತ್ತದೆ. ಇದು ಆಗಲಿಲ್ಲ, ಎದುರಿನ ಲಾರಿ ಕಡೆಗೇ ಹೋಯಿತು. ಎರಡೂ ಕೈಯಲ್ಲಿ ಎಳೆದು ವಾಪಸ್ ತಂದೆ. ಲಾರಿಯವನು ಬೈದದ್ದು ಇನ್ನೂ ಕಿವಿಯಲ್ಲಿದೆ. ಮಗಳ ಮನೆ ಮುಟ್ಟುವ ತನಕ ಹೆಂಡತಿ ಒಂದು ಮಾತಾಡಲಿಲ್ಲ.

ಅಳಿಯ ವಿಷಯ ಕೇಳಿ ‘ಮಾವ, ನೀವು ಇದರಲ್ಲಿ ವಾಪಸ್ ಹೋಗೋದು ಬ್ಯಾಡ’ ಅಂದು ಮಾರನೇ ದಿನ ತನಗೆ ಗೊತ್ತಿದ್ದ ಒಬ್ಬ ಮೇಸ್ತ್ರಿಯ ಹತ್ತಿರ ಕರೆದುಕೊಂಡು ಹೋದ. ಭದ್ರಾವತಿ ಕಬ್ಬಿಣದ ಊರು. ಕಾರ್ಖಾನೆ ಕಬ್ಬಿಣ ತೆಗೆಯಲು ಶುರು ಮಾಡಿದ್ದು 1923ರಲ್ಲಿ. ಆವತ್ತಿನಿಂದ ಆ ಊರಿನಲ್ಲಿ ಸ್ಪ್ಯಾನರ್ ಹಿಡಿದ ಕೈಗಳಿಗೆ ಬರ ಇಲ್ಲ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು, ಆದರೂ ಫಿಟ್ಟರು, ಟರ್ನರು, ವೆಲ್ಡರು ಓಣಿ ಓಣಿಯಲ್ಲಿ ಸಿಗುತ್ತಾರೆ. ಈ ಮೇಸ್ತ್ರಿ ಅರವತ್ತು ದಾಟಿದವರು, ಶೆಡ್ಡು ನೋಡಿದರೆ ನಮ್ಮ ದನದ ಕೊಟ್ಟಿಗೆಗಿಂತ ಚಿಕ್ಕದು.

ಅವರು ಮೊದಲು ಬಾನೆಟ್ಟೂ ಎತ್ತಲಿಲ್ಲ, ಜಾಕೂ ಹಾಕಲಿಲ್ಲ. ಒಂದೇ ಮಾತು ಕೇಳಿದರು: ‘ಯಾವ ಕೆಲಸ ಮಾಡಿಸಿದ ಮೇಲೆ ಶುರುವಾಯ್ತು ಯಜಮಾನ್ರೆ?’ ಶಾಕಪ್ಸರ್ ಅಂದೆ. ‘ಮತ್ತೆ ಅಲ್ಲೇ ಹುಡುಕಬೇಕಲ್ಲ, ರ‍್ಯಾಕಿಗ್ಯಾಕೆ ಹೋದರು?’ ಅಂದರು. ತಾವೇ ಹೊಳೆ ಸೇತುವೆ ತನಕ ಓಡಿಸಿಕೊಂಡು ಬಂದರು. ಆಮೇಲೆ ಸಮನಾದ ಜಾಗದಲ್ಲಿ ನಿಲ್ಲಿಸಿ, ಅಳಿಯನಿಗೆ ಸ್ಟಿಯರಿಂಗನ್ನು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ತಿರುಗಿಸಲು ಹೇಳಿ, ಗಾಲಿಯ ಹಿಂದಿನಿಂದ ಕೈ ತೂರಿಸಿ ಸ್ಪ್ರಿಂಗಿನ ಮೈಗೆ ಬೆರಳ ತುದಿ ಹಚ್ಚಿ ಕೂತರು. ನನ್ನ ಕೈಯನ್ನೂ ಹಿಡಿದು ಹಚ್ಚಿಸಿದರು. ಎಡಗಡೆ ಸ್ಪ್ರಿಂಗು ಗಾಲಿಯ ಜೊತೆ ಸುಮ್ಮನೆ ತಿರುಗುತ್ತಿತ್ತು. ಬಲಗಡೆಯದು ತಿರುಗದೆ ಹುರಿಯಾಗಿ ಬಿಗಿದು, ಬಿಗಿದು, ಕೊನೆಗೆ ಒಂದೇ ಸಲ ‘ಟಣ್’ ಅಂತ ಜಿಗಿಯಿತು. ನನ್ನ ಬೆರಳಿಗೇ ಗೊತ್ತಾಯಿತು. ಏಳು ಸಾವಿರಕ್ಕೆ ಸಿಗದ ಉತ್ತರ!

ವಿಷಯ ಇಷ್ಟೇ. ಸ್ಪ್ರಿಂಗ್ ಮತ್ತು ಶಾಕಪ್ಸರ್ ಸೇರಿದ ಕಂಬದ ತಲೆಯ ಮೇಲೆ ಒಂದು ರಬ್ಬರ್ ಟಾಪ್ ಮೌಂಟ್, ಅದರಲ್ಲಿ ಒಂದು ಬೇರಿಂಗ್ ಇರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಕಂಬವೆಲ್ಲ ಆ ಬೇರಿಂಗಿನ ಮೇಲೆ ತಿರುಗಬೇಕು. ಶಾಕಪ್ಸರ್ ಹೊಸದು ಹಾಕಿದವರು ತುಕ್ಕು ಹಿಡಿದ ಹಳೇ ಬೇರಿಂಗನ್ನೇ ಮತ್ತೆ ಕೂರಿಸಿದ್ದರು. ಸ್ಪ್ರಿಂಗಿನ ಕೆಳತುದಿ ಕೂರಬೇಕಾದ ಮೆಟ್ಟಿಲಿನಲ್ಲಿ ಕೂರದೆ ಒಂದು ಇಂಚು ಆಚೆ ಇತ್ತು. ಬೇರಿಂಗ್ ಹಿಡಿದುಕೊಂಡಿದ್ದರಿಂದ ಸ್ಟಿಯರಿಂಗ್ ವಾಪಸ್ ಬರುತ್ತಿರಲಿಲ್ಲ. ಸೈಕಲ್ಲಿನ ಮುಂದಿನ ಫೋರ್ಕ್ ಓರೆ ಇರುವುದರಿಂದಲೇ ಕೈ ಬಿಟ್ಟರೂ ಅದು ನೇರ ಹೋಗುವುದಲ್ಲವೆ? ಗಾಡಿಯಲ್ಲೂ ಅಂಥದೇ ಓರೆ ಇದೆ. ಮೇಲೆ ಕೀಲು ಹಿಡಿದುಕೊಂಡರೆ ಆ ಓರೆ ಏನು ಮಾಡೀತು?

ಎಡಕ್ಕೆ ಎಳೆಯುತ್ತಿದ್ದದ್ದು ಬೇರೆಯೇ ಕಥೆ. ಟೈ ರಾಡ್ ಎಂಡ್ ಬಿಚ್ಚಿ ಹಾಕಿದರೆ ಗಾಲಿಗಳ ನೇರ ಬದಲಾಗುತ್ತದೆ. ಎಷ್ಟು ಸುತ್ತು ಬಿಚ್ಚಿದೆ ಎಂದು ಎಣಿಸಿ ಅಷ್ಟೇ ಸುತ್ತು ಹಾಕಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಟೈರಿನ ಒಂದು ಅಂಚು ಆಗಲೇ ಗರಗಸದ ಹಾಗೆ ಸವೆದಿತ್ತು.

ಮೇಸ್ತ್ರಿ ಹೊಸ ಬೇರಿಂಗ್ ಹಾಕಿ ಕಟ್ಟುವಾಗ ಇನ್ನೊಂದು ತೋರಿಸಿದರು. ಲೋವರ್ ಆರ್ಮಿನ ಬೋಲ್ಟನ್ನು ಗಾಡಿ ಜಾಕಿನ ಮೇಲೆ ನೇತಾಡುವಾಗ ಪೂರ್ತಿ ಬಿಗಿ ಮಾಡಲಿಲ್ಲ. ಕೆಳಗಿಳಿಸಿ, ಮುಂದಿನಿಂದ ಎರಡು ಸಲ ಅದುಮಿ, ಗಾಡಿ ತನ್ನ ಭಾರದ ಮೇಲೆ ನಿಂತ ಮೇಲೆ ಬಿಗಿದರು. ಮೊದಲೇ ಬಿಗಿದರೆ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದಂತೆ. ಕಿರ್‌ಗುಟ್ಟುತ್ತದೆ, ಬೇಗ ಹರಿಯುತ್ತದೆ.

ಆವತ್ತು ಅವರ ಹತ್ತಿರ ಕೂತು ಕೇಳಿ ತಿಳಿದಿದ್ದು ಇನ್ನೂ ಇದೆ. ಗಾಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಯಾರೂ ಕೆಳಗೆ ತಲೆ ಹಾಕಬೇಡಿ) ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಗಾಲಿ ಬೇರಿಂಗ್ ಇಲ್ಲವೆ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಟ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್. ಗುಂಡಿಯಲ್ಲಿ ಕಟಕಟ ಅನ್ನುವ ಶಬ್ದ ಬ್ರೇಕ್ ಮೇಲೆ ಸ್ವಲ್ಪ ಕಾಲಿಟ್ಟರೆ ನಿಲ್ಲುವುದಾದರೆ ಬ್ರೇಕ್ ಪ್ಯಾಡ್ ಕಡೆ ನೋಡಬೇಕು, ಶಾಕಪ್ಸರ್ ಬೈಯಬಾರದು. ಕಿರ್‌ಗುಟ್ಟುವುದು ರಬ್ಬರೋ ಅಲ್ಲವೋ ಗೊತ್ತಾಗದಿದ್ದರೆ ಆ ಬುಷ್ಷಿಗೆ ಸೋಪಿನ ನೀರು ಹಾಕಿ. ಸ್ವಲ್ಪ ಹೊತ್ತು ಸುಮ್ಮನಾದರೆ ಅದೇ ಕಳ್ಳ. ನಮ್ಮವರು ಹಚ್ಚುವ ಹಾಗೆ ಗ್ರೀಸು, ಹಳೇ ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಒಂದು ಕಡೆಗೆ ಎಳೆಯುತ್ತಿದ್ದರೆ ಮೊದಲು ಗಾಳಿ ನೋಡಿ, ಆಮೇಲೆ ಮುಂದಿನ ಎರಡು ಗಾಲಿ ಅದಲು ಬದಲು ಮಾಡಿ. ಎಳೆತವೂ ಕಡೆ ಬದಲಾಯಿಸಿದರೆ ದೋಷ ಟೈರಿನದು. ಒಂದು ಮಾತ್ರ ಮನೆಯಲ್ಲಿ ಮಾಡಲೇಬೇಡಿ: ಕಂಬದ ತಲೆಯ ನಟ್ಟು ಬಿಚ್ಚುವುದು. ಸ್ಪ್ರಿಂಗು ಬಿಗಿದು ಕೂತಿರುತ್ತದೆ, ಅದನ್ನು ಹಿಡಿದಿಡುವ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಎದ್ದು ಪ್ರಾಣ ತೆಗೆಯಬಹುದು. ನೋಡುವಾಗಲೂ ಬೆರಳನ್ನು ಸುರುಳಿಯ ಸಂದಿಗೆ ಹಾಕಬಾರದು.

ಇನ್ನು ನನ್ನ ಅಸಲು ಮಾತು. ಮೇಸ್ತ್ರಿ ಹುಡುಕಲಿಕ್ಕೆ ಒಂದೂವರೆ ತಾಸು ತಗೊಂಡರು. ಬಿಚ್ಚಿ ಕಟ್ಟುವ ಕೂಲಿ, ಬೇರಿಂಗಿನ ದುಡ್ಡು ಹೇಳಿದರು. ಹುಡುಕಿದ್ದಕ್ಕೆ ಏನೂ ಹೇಳಲಿಲ್ಲ. ಕೇಳಿದರೆ ನಕ್ಕರು. ‘ನೋಡಿದ್ದಕ್ಕೆ ದುಡ್ಡು ಕೇಳಿದರೆ ಗಿರಾಕಿ ಜಗಳಕ್ಕೆ ಬರ್ತಾರೆ. ಸಾಮಾನು ಹಾಕಿದರೆ ಮಾತ್ರ ಕೊಡ್ತಾರೆ’ ಅಂದರು.

ಈ ಮಾತು ನನ್ನನ್ನು ಕೊರೆಯಿತು. ಶಿವಮೊಗ್ಗದ ಹುಡುಗನ ಮೇಲೆ ಸಿಟ್ಟಿತ್ತಲ್ಲ, ಅದು ಅರ್ಧ ಇಳಿಯಿತು. ಅವನ ಮುಂದೆ ನಾನೇನು ಮಾಡಿದ್ದೆ? ‘ಏನೋ ಸೌಂಡ್ ಬರ್ತೈತೆ, ನೋಡಪ್ಪ’ ಅಂದು ಕೀ ಕೊಟ್ಟು ಎಪಿಎಂಸಿಗೆ ರೇಟು ಕೇಳಲು ಹೋಗಿದ್ದೆ. ಯಾವಾಗ ಬರುತ್ತದೆ, ಯಾವ ಕಡೆ, ತಿರುಗಿಸಿದಾಗಲೋ ಗುಂಡಿಯಲ್ಲೋ, ಒಂದೂ ಹೇಳಿರಲಿಲ್ಲ. ಒಂದು ತಾಸು ನೋಡಿ ‘ಏನೂ ಬದಲಾಯಿಸಬೇಕಿಲ್ಲ’ ಅಂದಿದ್ದರೆ ಅವನಿಗೆ ಐವತ್ತು ರೂಪಾಯಿ ಕೊಡಲಿಕ್ಕೂ ನಾನು ಮುಖ ಹಿಂಡುತ್ತಿದ್ದೆ. ಹುಡುಕುವುದಕ್ಕೆ ಕೂಲಿಯೇ ಇಲ್ಲದ ಮೇಲೆ ಅವನು ಸಾಮಾನು ಮಾರದೆ ಇನ್ನೇನು ಮಾಡಬೇಕು? ಹಾಗಂತ ತಿರುಗದ ಬೇರಿಂಗನ್ನೇ ಮತ್ತೆ ಕೂರಿಸಿದ್ದು ಕ್ಷಮಿಸುವಂಥದ್ದಲ್ಲ, ಅದು ಬೇರೆ ಮಾತು.

ಎತ್ತು ಕುಂಟಿದರೆ ನಾವು ಗೊರಸು ಎತ್ತಿ ಕಲ್ಲು ಸಿಕ್ಕಿದೆಯೋ ನೋಡುತ್ತೇವೆ, ನಾಲ್ಕೂ ಕಾಲಿಗೆ ಔಷಧಿ ಹಚ್ಚುವುದಿಲ್ಲ. ನಮ್ಮಪ್ಪ ಗಾಡಿ ಕಿರ್ ಅಂದರೆ ಇಳಿದು, ಗಾಲಿ ಅಲ್ಲಾಡಿಸಿ, ಕಡಾಣಿ ನೋಡಿ, ಕೀಲೆಣ್ಣೆ ಹಚ್ಚಿಯೇ ಮುಂದೆ ಹೋಗುತ್ತಿದ್ದರು. ಆ ಬುದ್ಧಿಯನ್ನು ಎತ್ತಿನ ಗಾಡಿಯ ಜೊತೆಗೇ ಮಾರಿಬಿಟ್ಟೆವೇನೋ. ಹೊಲದಲ್ಲೂ ಅದೇ ಕಥೆ ಆಗಿದೆ. ಮಣ್ಣು ಪರೀಕ್ಷೆ ಮಾಡಿಸಿ ಅಂದರೆ ಪುರುಸೊತ್ತಿಲ್ಲ, ನವುಲೆಯ ಕೃಷಿ ಕಾಲೇಜಿನ ಮುಂದೆಯೇ ಬಸ್ಸಿನಲ್ಲಿ ಹಾದು ಹೋಗುತ್ತೇವೆ. ಅಂಗಡಿಯವನು ಹೇಳಿದ ಮೂರು ಚೀಲ ಡಿಎಪಿ ಮಾತ್ರ ಸಾಲ ಮಾಡಿ ತರುತ್ತೇವೆ.

ನಾನೀಗ ಗ್ಯಾರೇಜಿಗೆ ಹೋದರೆ ಮೊದಲೇ ಹೇಳುತ್ತೇನೆ: ಹುಡುಕಿದ್ದಕ್ಕೆ ಇನ್ನೂರು ಬೇರೆ ಕೊಡ್ತೀನಿ, ಜೊತೆಯಲ್ಲಿ ಕೂತು ಒಂದು ಸುತ್ತು ಓಡಿಸಿ, ತಪ್ಪು ಎಲ್ಲೈತೆ ಅಂತ ನನ್ನ ಕೈಗೆ ಮುಟ್ಟಿಸಿ ತೋರಿಸಿ, ಆಮೇಲೆ ಸಾಮಾನು. ಬಿಚ್ಚಿದ ಹಳೇ ಸಾಮಾನು ನನಗೇ ವಾಪಸ್ ಬೇಕು. ದುಡ್ಡು ಎಣಿಸುವುದು ಮತ್ತೊಂದು ಸುತ್ತು ಓಡಿಸಿ ನೋಡಿದ ಮೇಲೆ. ಇಬ್ಬರು ಒಪ್ಪಿದರು, ಒಬ್ಬ ‘ನಂಬಿಕೆ ಇಲ್ಲದಿದ್ದರೆ ಬೇರೆ ಕಡೆ ಹೋಗಿ’ ಅಂದ. ಹೋದೆ.

ಗಾಡಿ ಈಗ ನೇರ ಹೋಗುತ್ತದೆ. ನಾಲ್ಕು ಚೀಲ ಯೂರಿಯಾ, ಅಂದರೆ 180 ಕಿಲೋ ಹೇರಿದಾಗ ಹಿಂದೆ ಪಟ್ಟಿ ಸ್ಪ್ರಿಂಗಿನ ಕಡೆ ಒಂದು ಸಣ್ಣ ಕಿರ್ ಇದೆ. ಸೋಪಿನ ನೀರು ಹಾಕಿ ನೋಡಿದ್ದೇನೆ, ಬುಷ್ಷೇ. ಜೋಳ ಮಾರಿದ ಮೇಲೆ ಹಾಕಿಸುತ್ತೇನೆ. ತುಕ್ಕು ಹಿಡಿದ ಆ ಬೇರಿಂಗು ನಮ್ಮ ಜಗುಲಿಯ ಗೂಡಿನಲ್ಲಿದೆ. ಯಾರಾದರೂ ಮುಂದಿನ ಶಾಕಪ್ಸರ್ ಹಾಕಿಸಲು ಹೊರಟರೆ ಅವರ ಕೈಗೆ ಕೊಟ್ಟು ತಿರುಗಿಸಿ ನೋಡಿ ಅನ್ನುತ್ತೇನೆ.