ಕೈಗಡಿಯಾರದ ಮಾತನ್ನು ನಂಬಬಹುದೆ?

ರಕ್ತದೊತ್ತಡವನ್ನು ಹಗಲಿರುಳೂ ತಾನಾಗಿಯೇ ಅಳೆದು, ತಂತಿಯ ಹಂಗಿಲ್ಲದೆ ಫೋನಿಗೆ ತಿಳಿಸುವ ಕೈಗಡಿಯಾರಗಳನ್ನು ಇಂದು ವಿಜ್ಞಾನಿಗಳು ರೂಪಿಸುತ್ತಿದ್ದಾರೆ. ಈ ಪ್ರಯತ್ನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಮೊದಲು ಪರೀಕ್ಷೆ, ಆಮೇಲೆ ನಂಬಿಕೆ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸನು ಕುದುರೆಯ ಅಪಧಮನಿಗೆ ಗಾಜಿನ ಕೊಳವೆಯನ್ನು ಸೇರಿಸಿ, ರಕ್ತವು ೮ ಅಡಿಗೂ ಮೇಲೇರಿದುದನ್ನು ಕಂಡು, ೧೭೩೩ರಲ್ಲಿ ಪ್ರಕಟಿಸಿದನು. ನೋವಿಲ್ಲದೆ ಅಳೆಯುವ ತೋಳಪಟ್ಟಿಯನ್ನು ೧೮೯೬ರಲ್ಲಿ ಇಟಲಿಯ ರೀವಾ-ರೋಚಿ ಕೊಟ್ಟನು. ಪಟ್ಟಿಯ ಕೆಳಗೆ ನಾಡಿಯ ಸದ್ದನ್ನಾಲಿಸಿ ಅಳೆಯುವ ಕ್ರಮವನ್ನು ೧೯೦೫ರಲ್ಲಿ ರಷ್ಯದ ಕೊರೊಟ್ಕಾಫ್ ತೋರಿಸಿಕೊಟ್ಟನು. ಇಂದಿಗೂ ತೋಳಪಟ್ಟಿಯೇ ನಮಗೆ ಆಧಾರ.

ಈ ಪಟ್ಟಿಗೂ ಕೊರತೆಗಳುಂಟು. ಅದು ಒಂದು ಗಳಿಗೆಯ ಒತ್ತಡವನ್ನು ಮಾತ್ರ ಹೇಳುತ್ತದೆ. ವೈದ್ಯರನ್ನು ಕಂಡೊಡನೆ ಕೆಲವರ ಒತ್ತಡ ಏರುತ್ತದೆ; ನಿದ್ರೆಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ರಾತ್ರಿಯೆಲ್ಲ ಅಳೆಯೋಣವೆಂದರೆ ಪಟ್ಟಿಯ ಬಿಗಿತವೇ ನಿದ್ರೆಗೆಡಿಸುತ್ತದೆ. ಆದುದರಿಂದ ಹೊಸ ಸಾಧನ ಬೇಕು ಎಂಬುದರಲ್ಲಿ ಸಂದೇಹವಿಲ್ಲ.

ಈ ಗಡಿಯಾರಗಳಲ್ಲಿ ಹಲವು ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಚರ್ಮದ ಮೇಲೆ ಬೆಳಕು ಬೀರಿ ನಾಡಿಯ ಅಲೆಯನ್ನು ಗುರುತಿಸಿ, ಅದರ ಆಕಾರದಿಂದಲೋ ವೇಗದಿಂದಲೋ ಒತ್ತಡವನ್ನು ಊಹಿಸುತ್ತವೆ. ಒತ್ತಡ ಏರಿದರೆ ಅಲೆ ಬೇಗ ಓಡುತ್ತದೆ, ನಿಜ. ಆದರೆ ವಯಸ್ಸಾಗಿ ರಕ್ತನಾಳ ಗಡುಸಾದರೂ ಅದು ಬೇಗ ಓಡುತ್ತದೆ. ಆದುದರಿಂದ ಇಂಥ ಗಡಿಯಾರವನ್ನು ಆಗಾಗ ತೋಳಪಟ್ಟಿಯ ಲೆಕ್ಕಕ್ಕೆ ಹೊಂದಿಸಬೇಕಾಗುತ್ತದೆ. ಹೀಗೆ ಹೊಂದಿಸಿದ ಗಡಿಯಾರ, ಹೇಳಿಕೊಟ್ಟ ಸಂಖ್ಯೆಯನ್ನೇ ತುಸು ಹೆಚ್ಚುಕಡಮೆ ಮಾಡಿ ಒಪ್ಪಿಸಿದರೆ, ಸುಮ್ಮನೆ ಕುಳಿತವನಲ್ಲಿ ಅದು ಸರಿಯೆಂದೇ ತೋರುತ್ತದೆ!

ನನ್ನ ಅಜ್ಜಿಯವರು ಸಂಖ್ಯೆ ಚೆನ್ನಾಗಿದೆಯೆಂದು ಯಾರಾದರೂ ಹೇಳಿದರೆ ಸಾಕು, ಅಂದಿನ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಅವರಂಥವರ ಕೈಯಲ್ಲಿ ತಪ್ಪು ಹೇಳುವ ಯಂತ್ರ, ಯಂತ್ರವಿಲ್ಲದುದಕ್ಕಿಂತ ಕೇಡು.

ಯುರೋಪಿನ ರಕ್ತದೊತ್ತಡ ತಜ್ಞರ ಸಂಘವು ೨೦೨೩ರಲ್ಲಿ ಪಟ್ಟಿಯಿಲ್ಲದ ಸಾಧನಗಳಿಗೆ ಆರು ಬಗೆಯ ಪರೀಕ್ಷೆಗಳನ್ನು ಸೂಚಿಸಿತು. ಮಾತ್ರೆಯಿಂದ ಒತ್ತಡ ಇಳಿದುದು, ನಿದ್ರೆಯಲ್ಲಿ ತಗ್ಗಿದುದು, ವ್ಯಾಯಾಮದಲ್ಲಿ ಏರಿದುದು ಸಾಧನಕ್ಕೆ ತಿಳಿಯುವುದೇ ಎಂಬುದೂ ಅವುಗಳಲ್ಲಿ ಸೇರಿದೆ. ಇದು ನ್ಯಾಯವಾದ ಪರೀಕ್ಷೆ. ಬೆಳಕಿನಿಂದ ಅಳೆಯುವ ಸಾಧನಕ್ಕೆ ಚರ್ಮದ ಬಣ್ಣವೂ ತೊಡಕಾಗಬಲ್ಲದು. ಆದುದರಿಂದ ನಮ್ಮ ಜನರ ಮೇಲೂ ಈ ಪರೀಕ್ಷೆ ನಡೆಯಬೇಕು.

ಗೆಳೆಯರೆ, ನಾವು ವಿಜ್ಞಾನದ ವಿದ್ಯಾರ್ಥಿಗಳಲ್ಲದಿರಬಹುದು. ಆದರೆ ‘ಇದನ್ನು ಯಾರ ಮೇಲೆ, ಹೇಗೆ ಪರೀಕ್ಷಿಸಿದ್ದೀರಿ?’ ಎಂದು ಕೇಳಲು ಪ್ರಯೋಗಶಾಲೆ ಬೇಕಿಲ್ಲ. ತೃಪ್ತಿಕರವಾದ ಉತ್ತರ ಬರುವವರೆಗೆ ಹಳೆಯ ತೋಳಪಟ್ಟಿಯನ್ನು ಮೂಲೆಗೆಸೆಯದಿರೋಣ.