ಅತ್ತಿಗುಂಡಿಗೆ ಸ್ಪೋರ್ಟ್ಸ್ ಕಾರ್ ಹೋಗುತ್ತಾ?

ಆಫೀಸಿನ ಪಾರ್ಕಿಂಗ್‌ನಲ್ಲಿ ನನ್ನ ಕಾರು ನೋಡಿದವರೆಲ್ಲ ಮೊದಲು ಕೇಳೋದು ಟಾಪ್ ಸ್ಪೀಡ್ ಎಷ್ಟು ಅಂತ. ಆಮೇಲೆ ಮೈಲೇಜ್. ಮೂರನೇ ಪ್ರಶ್ನೆಯನ್ನ ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ ಕೇಳ್ತಾರೆ: "ಇದನ್ನ ಊರಿಗೂ ತಗೊಂಡು ಹೋಗ್ತೀರಾ?" ಮೊದಲ ಎರಡಕ್ಕೆ ಒಂದೊಂದು ಸಾಲಿನ ಉತ್ತರ ಸಾಕು. ಮೂರನೆಯದಕ್ಕೆ ಈ ಸಲದ ಅಂಕಣ ಪೂರ್ತಿ ಬೇಕು.

ನನ್ನ ಊರು ಅತ್ತಿಗುಂಡಿ. ಚಿಕ್ಕಮಗಳೂರಿಂದ ಕೈಮರ ದಾಟಿ, ಕವಿಕಲ್ ಗಂಡಿ ಹತ್ತಿ ಬಾಬಾ ಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಸಿಗುತ್ತೆ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ನಿಂತು ಬಿಸಿ ಬಿಸಿ ಮ್ಯಾಗಿ ತಿಂದು, ಝರಿ ಫಾಲ್ಸ್‌ಗೆ ಜೀಪ್ ಹತ್ತಿರ್ತೀರಿ. ಸ್ವಂತ ಕಾರು ಬಿಟ್ಟು ಅಲ್ಲಿಂದ ಜೀಪೇ ಯಾಕೆ ಹತ್ತಬೇಕು ಅಂತ ಒಮ್ಮೆ ಮೈ ಕೈ ನೋಯಿಸಿಕೊಂಡವರಿಗೆ ನಮ್ಮ ಮನೆ ರಸ್ತೆಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಕಾರು ಎರಡು ಸೀಟಿನದು, ಬಟ್ಟೆಯ ಟಾಪು, 2011ರ ಮಾಡೆಲ್. ಕಂಪನಿ ಹೆಸರು ಬರೆದರೆ ಜಾಹೀರಾತಾಗುತ್ತೆ, ಬಿಡಿ. ಹೊಸ ಎಸ್‌ಯುವಿ ಒಂದರ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಹತ್ತು ವರ್ಷ ಕೆಲಸ ಮಾಡಿ ಉಳಿಸಿದ್ದರಲ್ಲಿ ದೊಡ್ಡ ಪಾಲು ಅದಕ್ಕೇ ಹೋಯ್ತು. ಅಪ್ಪಯ್ಯನಿಗೆ ಹೇಳಿದಾಗ ಫೋನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಇಬ್ಬರೇ ಕೂರೋದಾ?" ಅಂದರು. ಅಷ್ಟೇ.

ಕೊಳ್ಳುವ ಮೊದಲು ನಾನು ಗ್ರೌಂಡ್ ಕ್ಲಿಯರೆನ್ಸ್ ನೋಡಿದ್ದೆ: 12 ಸೆಂಟಿಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರೋಡ್ ಹಂಪ್ 10 ಸೆಂ.ಮೀ. ಎತ್ತರ. ಎರಡು ಸೆಂ.ಮೀ. ಉಳೀತಲ್ಲ ಅಂತ ಖುಷಿಪಟ್ಟೆ. ಲೆಕ್ಕ ತಪ್ಪು, ಅದೂ ಎರಡು ರೀತಿಯಲ್ಲಿ.

ನಿಯಮದ ಹಂಪ್‌ಗೆ 3.7 ಮೀಟರ್ ಅಗಲ ಇರಬೇಕು. ನನ್ನ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡೂವರೆ ಮೀಟರ್. ಅಂದರೆ ಅಂಥ ಹಂಪ್ ಮೇಲೆ ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತವೆ, ಹೊಟ್ಟೆಯ ಕೆಳಗೆ ಉಬ್ಬು ಬರೋದು ಐದು ಸೆಂ.ಮೀ.ಗಿಂತ ಕಡಿಮೆ. ಆರಾಮಾಗಿ ದಾಟಬಹುದು. ನಮ್ಮೂರುಗಳ ಹಂಪ್ ಹಾಗಿರಲ್ಲ. ಯಾರದೋ ಮನೆ ಮುಂದೆ ಒಂದು ಬಾಣಲೆ ಕಾಂಕ್ರೀಟ್ ಉಳಿದಿತ್ತು ಅಂತ ಹಾಕಿದ್ದು, ಎರಡಡಿ ಅಗಲ, ಗೋಡೆ ಥರ. ಅದರ ಪೂರ್ತಿ ಎತ್ತರ ಹೊಟ್ಟೆಗೇ ಬೀಳುತ್ತೆ. ಅದನ್ನ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಬೆಂಗಳೂರಿಂದ ಹಾಸನ, ಬೇಲೂರು ಮೇಲೆ ಚಿಕ್ಕಮಗಳೂರಿಗೆ ಬರೋವಷ್ಟರಲ್ಲಿ ಈ ವಿದ್ಯೆ ತಾನಾಗೇ ಬರುತ್ತೆ. ಹಿಂದಿನ ಬಸ್ಸಿನವರು ಹಾರ್ನ್ ಹೊಡೀತಾರೆ, ಹೊಡೀಲಿ.

ಎರಡನೇ ತಪ್ಪು ದೊಡ್ಡದು. ನಾನು ಹಂಪ್ ಲೆಕ್ಕ ಹಾಕಿದೆ, ಮನೆ ರಸ್ತೆ ಅಳೆಯಲಿಲ್ಲ.

ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಮುಕ್ಕಾಲು ಕಿಲೋಮೀಟರ್ ತೋಟದ ದಾರಿ. ಜೀಪು, ಪಿಕಪ್ ಓಡಾಡಿ ಎರಡು ಗಾಲಿ ಜಾಡು ಆಳವಾಗಿದೆ, ನಡುವೆ ಹುಲ್ಲು ಬೆಳೆದ ದಿಬ್ಬ. ಜೊತೆಗೆ ಮಳೆ ನೀರು ರಸ್ತೆ ಕೊಚ್ಚಬಾರದು ಅಂತ ಅಲ್ಲಲ್ಲಿ ಅಡ್ಡ ಚರಂಡಿ. ಜೀಪಿಗೆ ಇದು ರಸ್ತೆ. ನನ್ನ ಕಾರಿಗೆ ನಡುದಿಬ್ಬವೇ ರಸ್ತೆ, ಯಾಕಂದ್ರೆ ಅದು ಹೊಟ್ಟೆ ಮೇಲೆ ತೆವಳಬೇಕು. ದೀಪಾವಳಿಗೆ ಮೊದಲ ಸಲ ತಂದಾಗ ಇಪ್ಪತ್ತು ಮೀಟರ್ ಹೋಗೋದ್ರೊಳಗೆ ಕೆಳಗಿಂದ ಕರ್ರ್ ಅಂತ ಒಂದು ಸದ್ದು. ಇಂಥ ಸದ್ದಿಗೆ ಬೆನ್ನುಮೂಳೆ ತಣ್ಣಗಾಗುತ್ತೆ, ಮಾರಾಯ್ರೆ. ಪಕ್ಕದ ಮನೆಯ ಜೀಪ್ ಓಡಿಸುವ ಹುಡುಗ ಬಂದು ಬಗ್ಗಿ ನೋಡಿ, "ಅಕ್ಕಾ, ರಸ್ತೆ ಲೆವೆಲ್ ಮಾಡೋಕೆ ತಂದ್ರಾ?" ಅಂದ. ಮೂರು ಜನ ಹಿಂದಕ್ಕೆ ತಳ್ಳಿದರು. ಅವತ್ತಿಂದ ಊರಿಗೆ ಬಂದಾಗೆಲ್ಲ ಕಾರು ಚಿಕ್ಕಮಗಳೂರಲ್ಲಿ ದೊಡ್ಡಮ್ಮನ ಮನೆ ಶೆಡ್‌ನಲ್ಲಿ, ನಾನು ಬಸ್ಸಲ್ಲೋ ಜೀಪಲ್ಲೋ ಮನೆಗೆ.

ಹಾಗಾಗಿ ನಿಮಗೆ ಮೊದಲ ಮಾತು: ಕಾರು ನೋಡೋಕೆ ಹೋಗುವಾಗ ಜೇಬಲ್ಲಿ ಟೇಪ್ ಇರಲಿ. ಮುಂದಿನ ಬಂಪರ್‌ನ ತುಟಿ ನೆಲದಿಂದ ಎಷ್ಟು ಎತ್ತರ, ಅಲ್ಲಿಂದ ಟಯರ್ ನೆಲ ಮುಟ್ಟುವ ಜಾಗ ಎಷ್ಟು ದೂರ, ಇವೆರಡನ್ನು ಅಳೆಯಿರಿ. ನನ್ನದರಲ್ಲಿ 13 ಮತ್ತು 80 ಸೆಂ.ಮೀ. ಅಂದರೆ ಒಂದು ಮೀಟರಿಗೆ 16 ಸೆಂ.ಮೀ.ಗಿಂತ ಹೆಚ್ಚು ಏರುವ ಯಾವ ಗೇಟಿನ ಇಳಿಜಾರಿಗೂ ತುಟಿ ತಾಗುತ್ತೆ. ಆಮೇಲೆ ಮನೆಗೆ ಬಂದು ಗೇಟು, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪು, ಊರಿನ ಕೊನೇ ಕಿಲೋಮೀಟರು, ಎಲ್ಲ ಅಳೆಯಿರಿ. ಬೆಂಗಳೂರಿನ ಬೇಸ್‌ಮೆಂಟ್‌ಗಳೇನೂ ನಮ್ಮ ತೋಟದ ದಾರಿಗಿಂತ ಕಮ್ಮಿಯಿಲ್ಲ.

"ನಿಮ್ಮ ಕಡೆ ರ‍್ಯಾಲಿ ಕಾರುಗಳು ಓಡ್ತವಲ್ಲ?" ಅಂತ ಒಬ್ಬ ಸಹೋದ್ಯೋಗಿ ಕೇಳಿದ. ಹೌದು, ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳೇ ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ನಡೆದಿವೆ. ಆದರೆ ಅವು ಎತ್ತರಿಸಿದ ಕಾರುಗಳು. ಉದ್ದ ಸಸ್ಪೆನ್ಷನ್, ಕೆಳಗೆ ದಪ್ಪ ತಟ್ಟೆಯ ರಕ್ಷಣೆ, ಹಿಂದೆ ಒಂದು ಮೆಕ್ಯಾನಿಕ್ ಪಡೆ. ನನ್ನ ಹಿಂದೆ ಇರೋದು ಇನ್ಶೂರೆನ್ಸ್ ಒಂದೇ.

ಅದರ ಕಥೆಯೂ ಕೇಳಿ. ಕಲ್ಲಿಗೆ ಹೊಡೆದು ಚೇಂಬರ್ ಒಡೆದು ಆಯಿಲ್ ಸೋರಿದರೆ, ಗಾಡಿ ಅಲ್ಲೇ ಆಫ್ ಮಾಡಿ. "ಟೌನ್ ಹತ್ರಾನೇ ಇದೆ, ನಿಧಾನಕ್ಕೆ ಹೋಗೋಣ" ಅಂತ ಓಡಿಸಿ ಎಂಜಿನ್ ಸೀಜ್ ಆದರೆ ಸಾಮಾನ್ಯ ಪಾಲಿಸಿಯಲ್ಲಿ ಅದರ ದುಡ್ಡು ಬರೋದಿಲ್ಲ. ಎಂಜಿನ್ ರಕ್ಷಣೆಯ ಆಡ್-ಆನ್ ಬೇರೆ ತಗೋಬೇಕು, ಹಳೇ ಕಾರಿಗೆ ಅದು ಸಿಗುತ್ತಾ ಅಂತ ಅಡ್ವಾನ್ಸ್ ಕೊಡೋ ಮೊದಲೇ ವಿಚಾರಿಸಿ. ಗಾಡಿ ಎತ್ತೋಕೆ ಫ್ಲಾಟ್‌ಬೆಡ್ಡೇ ಬೇಕು, ಕೊಕ್ಕೆ ಹಾಕಿ ಎಳೆದರೆ ಮುಂಭಾಗ ಕೈಗೆ ಬರುತ್ತೆ. ಇನ್ನು ಇಂಥ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಇರಲ್ಲ. ರನ್‌ಫ್ಲಾಟ್ ಟಯರ್ ಪಂಕ್ಚರ್ ಆದಮೇಲೂ ಸ್ವಲ್ಪ ದೂರ ಓಡುತ್ತೆ ನಿಜ, ಆದರೆ ಗುಂಡಿಗೆ ಬಿದ್ದು ಪಕ್ಕ ಹರಿದರೆ ಮುಗೀತು. ಆ ಸೈಜಿನ ಟಯರ್ ಬೆಂಗಳೂರಿಂದ ಬರಬೇಕು. ನೆನಪಿಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಕಾರಿನ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯಲ್ಲ. ವರ್ಷಕ್ಕೊಂದು ದೊಡ್ಡ ಬಿಲ್ ಬರುತ್ತೆ ಅಂತ ದುಡ್ಡು ಬೇರೆ ತೆಗೆದಿಡಿ.

ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಹಾರಬೇಡಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 18%, ಮೇಲೆ ಸೆಸ್. ಹಳೇ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದರೂ ಸಣ್ಣ ಮೊತ್ತವೇನಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಸಾರಿಗೆ ಇಲಾಖೆ ತೆರಿಗೆ ಕಟ್ಟದ ಮೂವತ್ತರಷ್ಟು ಐಷಾರಾಮಿ ಕಾರು ಹಿಡಿದದ್ದು ಓದಿರಬಹುದು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರು 1.41 ಕೋಟಿ ರೂಪಾಯಿ ಕಟ್ಟಿದರು. ನಮ್ಮದು ಆ ಮಟ್ಟ ಅಲ್ಲ, ನಿಯಮ ಮಾತ್ರ ಅದೇ.

ಮಲೆನಾಡಿನ ಮಳೆಗಾಲಕ್ಕೆ ಇನ್ನೆರಡು ಮಾತು. ಬಟ್ಟೆ ಟಾಪಿನ ಕಾರಿಗೆ ನೀರು ಹರಿದುಹೋಗಲು ಅಂಚಲ್ಲಿ ಸಣ್ಣ ತೂತುಗಳಿರುತ್ತವೆ. ಸಿಲ್ವರ್ ಓಕ್ ಮರದ ಕೆಳಗೆ ಒಂದು ವಾರ ನಿಲ್ಲಿಸಿ, ಎಲೆ ತುಂಬಿ ಅವು ಕಟ್ಟಿಕೊಂಡು ನೀರೆಲ್ಲ ಸೀಟಿನ ಕೆಳಗೆ. ಆಮೇಲೆ ಬೂಷ್ಟು. ಆ ವಾಸನೆ ಕಾಫಿ ಪುಡಿ ಇಟ್ಟರೂ ಹೋಗಲ್ಲ, ನಾನು ಇಟ್ಟು ನೋಡಿದ್ದೀನಿ. ಈಗ ಬಂಕ್‌ನಲ್ಲಿ ಸಿಗೋದು 20% ಎಥನಾಲ್ ಬೆರೆತ ಪೆಟ್ರೋಲ್. ನನ್ನ ಕಾರಿನ ಪುಸ್ತಕದಲ್ಲಿ 10%ವರೆಗೆ ಮಾತ್ರ ಅಂತಿದೆ. ಎಥನಾಲ್ ತೇವ ಎಳೆಯುತ್ತೆ, ಆದ್ದರಿಂದ ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡ್ತೀನಿ, ಸರ್ವೀಸ್‌ನಲ್ಲಿ ರಬ್ಬರ್ ಪೈಪುಗಳನ್ನ ತಪ್ಪದೆ ನೋಡಿಸ್ತೀನಿ.

ಇಷ್ಟೆಲ್ಲ ತಾಪತ್ರಯ ಸಾಕಾಗಿ ಜೂನ್‌ನಲ್ಲಿ ಮಾರೋಕೆ ಇಟ್ಟೆ. ಒಬ್ಬರು ಒಳ್ಳೆ ರೇಟೂ ಹೇಳಿದರು.

ಆಷಾಢದಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದೆ. ಒಂದು ರಾತ್ರಿ ಕರೆಂಟ್ ಇಲ್ಲ, ಹೊರಗೆ ಜಡಿಮಳೆ. ಬಚ್ಚಲ ಒಲೆ ನೋಡೋಕೆ ಹೋದ ಅಮ್ಮ ಪಾಚಿ ಮೇಲೆ ಜಾರಿ ಬಿದ್ದರು. ಎಡ ಮುಂಗೈ ನೋಡುನೋಡುತ್ತಾ ಊದಿತು. ಮನೆ ಮುಂದೆ ಒಂದು ಗಾಡಿ ಇಲ್ಲ. ಅಪ್ಪಯ್ಯ ಏನೂ ಅನ್ನಲಿಲ್ಲ, ಟಾರ್ಚ್ ಹಿಡಿದು ಪಕ್ಕದ ಮನೆಗೆ ಹೊರಟರು. ಅವರ ಬೆನ್ನು ನೋಡುವಾಗ ನನಗೆ ಆದ ನಾಚಿಕೆ ಹೇಳೋಕೆ ಬರಲ್ಲ. ಅದೇ ದುಡ್ಡಲ್ಲಿ ಒಂದು ಎತ್ತರದ ಗಾಡಿ ಅಂಗಳದಲ್ಲಿ ನಿಂತಿರಬಹುದಿತ್ತು. ಅದೇ ಜೀಪ್ ಹುಡುಗ ಎದ್ದು ಬಂದ. ಹಿಂದಿನ ಸೀಟಲ್ಲಿ ಅಪ್ಪಯ್ಯ ಅಮ್ಮನ ಕೈ ಹಿಡಿದುಕೊಂಡು, ಪ್ರತಿ ಗುಂಡಿಗೂ ಅಮ್ಮ ಹಲ್ಲು ಕಚ್ಚಿಕೊಂಡು, ಮಂಜಲ್ಲಿ ಚಿಕ್ಕಮಗಳೂರು ಮುಟ್ಟಿದಾಗ ರಾತ್ರಿ ಹನ್ನೆರಡೂವರೆ. ನನ್ನ ಕಾರೇ ಮನೇಲಿದ್ದಿದ್ದರೂ ಮೂವರು ಹಿಡೀತಿರಲಿಲ್ಲ, ಅದೂ ನಿಜ.

ಮಣಿಕಟ್ಟಿನ ಮೂಳೆ ಬಿರುಕು, ಪ್ಲಾಸ್ಟರ್. ಎರಡು ದಿನ ದೊಡ್ಡಮ್ಮನ ಮನೇಲಿ ಇದ್ದು ಹೊರಡುವಾಗ ಅಮ್ಮನೇ ಶೆಡ್ ಕಡೆ ನೋಡಿ, "ಇದ್ರಲ್ಲೇ ಹೋಗಾಣ. ಬಸ್ಸಲ್ಲಿ ನಂಗೆ ವಾಂತಿ" ಅಂದರು. ಒಂಬತ್ತು ತಿಂಗಳಲ್ಲಿ ಅವರು ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ. ಮಂಡಿ ನೋವು, ಸೀಟು ನೋಡಿದರೆ ಮಣೆಯಷ್ಟು ಎತ್ತರ.

ವಯಸ್ಸಾದವರನ್ನ ಕೂರಿಸುವ ಕ್ರಮ ಅವತ್ತು ಕಲಿತೆ. ಕಾರನ್ನ ಕಟ್ಟೆ ಪಕ್ಕ ನಿಲ್ಲಿಸಬೇಡಿ, ಸಮನೆಲದಲ್ಲಿ ನಿಲ್ಲಿಸಿ ಬಾಗಿಲು ಪೂರ್ತಿ ತೆಗೀರಿ. ಸೀಟನ್ನ ಹಿಂದಕ್ಕೆ ತಳ್ಳಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಸಿ. ಕಾರಿಗೆ ಬೆನ್ನು ಮಾಡಿ ಮೊದಲು ಕೂರಬೇಕು, ಆಮೇಲೆ ಎರಡೂ ಕಾಲು ಸೇರಿಸಿ ಒಳಗೆ ತಿರುಗಬೇಕು. ಪ್ಲಾಸ್ಟಿಕ್ ಇದ್ದರೆ ಸಲೀಸಾಗಿ ಜಾರುತ್ತೆ, ಗಾಡಿ ಹೊರಡೋ ಮುಂಚೆ ಅದನ್ನ ಎಳೆದುಬಿಡಿ. ಇಳಿಯುವಾಗ ಮೊದಲು ಎರಡೂ ಪಾದ ನೆಲಕ್ಕೆ, ಆಮೇಲೆ ನೀವು ಎದುರು ನಿಂತು ಮೊಣಕೈ ಹಿಡಿದು ಎಬ್ಬಿಸಬೇಕು. ನಿಮ್ಮ ಬೆನ್ನಿಗೂ ಕೆಲಸ ಇದೆ.

ಅಪ್ಪಯ್ಯ ಬಸ್ಸಲ್ಲಿ ಬಂದರು. ನಾವಿಬ್ಬರೂ ಕೈಮರದಿಂದ ಮೇಲೆ ಹತ್ತಿದೆವು. ಕೆಳಗೆ ಕೂತ ಕಾರು ತಿರುವಲ್ಲಿ ವಾಲಾಡಲ್ಲ, ಬಸ್ಸಿನ ಹಾಗೆ ಹೊಟ್ಟೆ ತೊಳಸಲ್ಲ. ಎದುರು ಬರುವ ಜೀಪಿನ ಲೈಟು ನೇರ ಕಣ್ಣಿಗೇ ಹೊಡೆಯುತ್ತೆ ಅನ್ನೋದು ಬಿಟ್ಟರೆ ನಮ್ಮ ಘಾಟಿಗೆ ಇಂಥ ಗಾಡಿ ಓಡಿಸೋ ಸುಖವೇ ಬೇರೆ. ಹೇರ್‌ಪಿನ್‌ಗಳೆಲ್ಲ ದಾಟಿ ಕವಿಕಲ್ ಗಂಡಿ ಹತ್ತಿರ ಮಳೆ ನಿಂತಿತ್ತು. ಅಮ್ಮ, "ಆ ಟಾಪು ತೆಗೀತದಂತಲ್ಲ, ತೆಗಿ ನೋಡಾಣ" ಅಂದರು. ಚಳಿ ಅಮ್ಮಾ ಅಂದೆ. ಸೆರಗು ತಲೆ ಮೇಲೆ ಎಳಕೊಂಡು ಕೂತರು. ಮುಳ್ಳಯ್ಯನಗಿರಿ ಕಡೆಯಿಂದ ಮಂಜು ಬಂದು ನಮ್ಮಿಬ್ಬರ ನಡುವೆಯೇ ಹಾದುಹೋಯ್ತು. ನಲವತ್ತು ವರ್ಷದಿಂದ ಓಡಾಡುತ್ತಿರುವ ದಾರಿಯನ್ನ ಅವರು ಒಂದು ಮಾತೂ ಆಡದೆ ನೋಡುತ್ತಾ ಬಂದರು.

ತೋಟದ ದಾರಿಯ ಬಾಯಲ್ಲಿ ಜೀಪ್ ಹುಡುಗ ಕಾಯುತ್ತಿದ್ದ. ಅಲ್ಲಿಂದ ಮನೆಗೆ ಅವನ ಗಾಡಿಯೇ.

ಮಾರೋ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಕೊಳ್ಳೋರು ಭಾನುವಾರದವರೆಗೆ ಟೈಮ್ ಕೊಟ್ಟಿದ್ದಾರೆ. ಅಪ್ಪಯ್ಯ ನಿನ್ನೆ ಫೋನ್ ಮಾಡಿ, ಎರಡು ಅಡ್ಡ ಚರಂಡಿಗೆ ಕಲ್ಲು ಚಪ್ಪಡಿ ಹಾಕಿಸೋಕೆ ಎಷ್ಟಾಗಬಹುದು ಅಂತ ಮೇಸ್ತ್ರಿಯನ್ನ ಕೇಳಿದ್ದೀನಿ ಅಂದರು. ಗೊಬ್ಬರದ ಪಿಕಪ್‌ಗೂ ಒಳ್ಳೇದು ಅಂತ ಸೇರಿಸಿದರು. ನಡುದಿಬ್ಬದ ಸುದ್ದಿ ಎತ್ತಲಿಲ್ಲ. ಅಮ್ಮ ಫೋನ್ ಇಸ್ಕೊಂಡು ಬೇರೆಯದೇ ಕೇಳಿದರು: ಬುಧವಾರ ಪ್ಲಾಸ್ಟರ್ ತೆಗೆಸೋಕೆ ಹೋಗಬೇಕಲ್ಲ, ಅದಕ್ಕೆ ನಾನು ಬರ್ತೀನಾ, ಬಂದರೆ ಯಾವ ಗಾಡೀಲಿ ಅಂತ.