ಸ್ಟ್ರಾಸ್‌ಬರ್ಗ್: ಗಡಿನಗರದ ಮಕ್ಕಳ ಮಾತು

ಫ್ರೆಂಚ್ ಕಥೆಗಾರ ಆಲ್ಫೋನ್ಸ್ ಡೋಡೆಯ ‘ಕಡೆಯ ಪಾಠ’ವನ್ನು ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಓದಿದವರು ಭಾರತದಲ್ಲಿ ಬಹುಮಂದಿ. 1870-71ರ ಯುದ್ಧದಲ್ಲಿ ಸೋತ ಫ್ರಾನ್ಸಿನಿಂದ ಆಲ್ಸೇಸ್ ಪ್ರಾಂತ ಜರ್ಮನಿಯ ಪಾಲಾಗುತ್ತದೆ; ಇನ್ನು ಮುಂದೆ ಶಾಲೆಯಲ್ಲಿ ಜರ್ಮನ್ ಒಂದೇ ಎಂಬ ಆಜ್ಞೆ ಬರುತ್ತದೆ; ಹಳ್ಳಿಯ ಉಪಾಧ್ಯಾಯರು ಕೊನೆಯ ಬಾರಿಗೆ ಫ್ರೆಂಚ್ ಪಾಠ ಹೇಳುತ್ತಾರೆ. ಓದಿದವರ ಕಣ್ಣು ತೇವವಾಗದಿರದು. ಆದರೆ ಕಥೆ ಹೇಳದೆ ಬಿಟ್ಟ ಸಂಗತಿಯೊಂದುಂಟು. ಆ ಪ್ರಾಂತದ ಬಹುಪಾಲು ಮಕ್ಕಳ ಮನೆಮಾತು ಫ್ರೆಂಚ್ ಆಗಿರಲೇ ಇಲ್ಲ. ಜರ್ಮನ್ ಕುಲಕ್ಕೆ ಸೇರಿದ ಆಲ್ಸೇಷಿಯನ್ ಎಂಬ ಆಡುನುಡಿಯಾಗಿತ್ತು.

ಆ ಪ್ರಾಂತದ ಮುಖ್ಯ ಪಟ್ಟಣವೇ ರೈನ್ ನದಿಯ ಎಡದಂಡೆಯಲ್ಲಿರುವ ಸ್ಟ್ರಾಸ್‌ಬರ್ಗ್. 1681ರಲ್ಲಿ ಹದಿನಾಲ್ಕನೆಯ ಲೂಯಿ ಇದನ್ನು ವಶಪಡಿಸಿಕೊಂಡನು. ಜರ್ಮನ್ ಮಹಾಕವಿ ಗಯಟೆ ವಿದ್ಯಾರ್ಥಿಯಾಗಿದ್ದುದು ಇಲ್ಲಿ. ಫ್ರಾನ್ಸಿನ ರಾಷ್ಟ್ರಗೀತೆ 1792ರಲ್ಲಿ ಹುಟ್ಟಿದುದೂ ಇಲ್ಲಿಯೇ. ಇಂತಹ ಊರನ್ನು ತಮ್ಮ ಸೋದರರ ಊರೆಂದು ಸಾರುತ್ತಲೇ ಜರ್ಮನ್ ಸೇನೆ 1870ರಲ್ಲಿ ಮುತ್ತಿತು. ಆಗಸ್ಟ್ 24ರ ರಾತ್ರಿ ಫಿರಂಗಿಯ ಉರಿಗೆ ನಗರದ ಗ್ರಂಥಭಂಡಾರ ಆಹುತಿಯಾಯಿತು. ಹನ್ನೆರಡನೆಯ ಶತಮಾನದಲ್ಲಿ ಹೆರಾಡ್ ಎಂಬ ಸಂನ್ಯಾಸಿನಿ ತನ್ನ ಮಠದ ಕನ್ಯೆಯರ ಶಿಕ್ಷಣಕ್ಕೆಂದು ಸಿದ್ಧಪಡಿಸಿದ್ದ ಸಚಿತ್ರ ಹಸ್ತಪ್ರತಿಯೂ ಅಲ್ಲಿಯೇ ಬೂದಿಯಾಯಿತು. ಓಲೆಗರಿಯ ಬೆಲೆ ಬಲ್ಲವರಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ.

ಗೆದ್ದವರು 1872ರಲ್ಲಿ ಅಲ್ಲಿ ಹೊಸ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಜೈನ ವಾಙ್ಮಯದಲ್ಲಿ ಅಪಾರ ಪರಿಶ್ರಮವಿದ್ದ ಎರ್ನ್ಸ್ಟ್ ಲಾಯ್ಮನ್ ಅಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದರು. 1918ರ ನವೆಂಬರಿನಲ್ಲಿ ಫ್ರೆಂಚ್ ಸೇನೆ ಮರಳಿ ಬಂದಿತು. ಆ ಬಳಿಕ ಲಾಯ್ಮನ್ ಅವರೂ ನಗರವನ್ನು ತೊರೆಯಬೇಕಾಯಿತು. ಜನರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ ಗುರುತುಚೀಟಿ ಹಂಚಿದರು. ತಂದೆತಾಯಿಗಳ ಮೂಲವೇ ಅದಕ್ಕೆ ಆಧಾರ. ಜರ್ಮನ್ ದಂಪತಿಗಳಿಗೆ ಅಲ್ಲಿಯೇ ಹುಟ್ಟಿದ ಮಗುವಿಗೂ ಕಡೆಯ ವರ್ಗದ ಚೀಟಿಯೇ ದೊರೆಯಿತು. ಸಹಸ್ರಾರು ಕುಟುಂಬಗಳು ರೈನ್ ನದಿಯನ್ನು ದಾಟಿಹೋದವು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗುತ್ತಿದ್ದಂತೆ ಊರಿಗೆ ಊರನ್ನೇ ಬರಿದುಮಾಡಿ ಜನರನ್ನು ನೈಋತ್ಯ ಫ್ರಾನ್ಸಿಗೆ ಸಾಗಿಸಲಾಯಿತು. ಅವರಾಡುವ ಮಾತು ಶತ್ರುವಿನ ಮಾತಿನಂತೆ ಕೇಳುತ್ತದೆಂದು ಅಲ್ಲಿಯವರು ಶಂಕಿಸಿದುದುಂಟು. 1940ರ ಜೂನಿನಲ್ಲಿ ನಾತ್ಸಿಗಳು ನಗರವನ್ನು ಹೊಕ್ಕರು. ಯಹೂದ್ಯರಿಗೆ ಮರಳಲು ಅವಕಾಶವಿರಲಿಲ್ಲ. ಅವರ ಪ್ರಾರ್ಥನಾಮಂದಿರವನ್ನು ಸುಟ್ಟು ನೆಲಸಮ ಮಾಡಲಾಯಿತು. ಫ್ರೆಂಚ್ ಭಾಷೆ ನಿಷಿದ್ಧವಾಯಿತು, ಬೀದಿಗಳ ಹೆಸರು ಬದಲಾಯಿತು, ಮನುಷ್ಯರ ಹೆಸರೂ ಬದಲಾಯಿತು; ತಲೆಯ ಮೇಲಣ ಫ್ರೆಂಚ್ ಟೋಪಿಯೂ ಅಪರಾಧವಾಯಿತು. 1942ರ ಆಗಸ್ಟಿನಿಂದ ತರುಣರನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಿದರು. ಆಲ್ಸೇಸ್ ಮತ್ತು ನೆರೆಯ ಮೋಸೆಲ್‌ಗಳಿಂದ ಹೀಗೆ ಹೋದವರು ಸುಮಾರು 1,30,000. ಅವರಲ್ಲಿ 30,000ಕ್ಕೂ ಮಿಕ್ಕಿ ಹಿಂದಿರುಗಲಿಲ್ಲ. ತಪ್ಪಿಸಿಕೊಂಡವನ ಮನೆಯವರಿಗೆ ಗಡೀಪಾರು.

1944ರ ನವೆಂಬರ್ 23ರಂದು ಜನರಲ್ ಲೆಕ್ಲೇರನ ಪಡೆ ನಗರವನ್ನು ವಿಮೋಚನೆಗೊಳಿಸಿತು. ಮುಂದೆ ನಡೆದುದನ್ನು ಇತಿಹಾಸಗ್ರಂಥಗಳು ಒಂದೆರಡು ಸಾಲಿನಲ್ಲಿ ಮುಗಿಸುವುದುಂಟು. ಪ್ರಾಥಮಿಕ ಶಾಲೆಗಳಿಂದ ಜರ್ಮನ್ ಭಾಷೆ ಹೊರಬಿದ್ದಿತು; ಆಟದ ಬಯಲಿನಲ್ಲಿ ಮನೆಮಾತನ್ನಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. ನಾತ್ಸಿಗಳ ಕ್ರೌರ್ಯವನ್ನೂ ಫ್ರಾನ್ಸಿನ ಶಾಲಾನೀತಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅನ್ಯಾಯ. ಒಂದು ಪ್ರಾಣವನ್ನು ತೆಗೆಯಿತು, ಮತ್ತೊಂದು ಪೌರತ್ವವನ್ನೂ ಮತವನ್ನೂ ಕೊಟ್ಟಿತು. ಆದರೂ ಶತ್ರುವಿನ ಭಾಷೆಯೆಂಬ ಕಳಂಕವನ್ನು ಅಜ್ಜಿಯ ಜೋಗುಳಕ್ಕೆ ಹಚ್ಚಿದುದು ಯುಕ್ತವೆನ್ನಲಾಗದು. ಆ ನುಡಿ ನಾತ್ಸಿಗಳಿಗಿಂತ ಅನೇಕ ಶತಮಾನಗಳಷ್ಟು ಹಳೆಯದು. 1898ರಿಂದ ಅದಕ್ಕೆ ಸ್ಟ್ರಾಸ್‌ಬರ್ಗಿನಲ್ಲಿ ತನ್ನದೇ ಆದ ರಂಗಭೂಮಿಯಿತ್ತು. ದಂಡು ಹೋದೊಡನೆ ಅದೂ ಹೋಗಬೇಕಾಗಿದ್ದ ಕಾರಣವೇನು?

ನಗರದ ರಿಪಬ್ಲಿಕ್ ಚೌಕದಲ್ಲಿ 1936ರಲ್ಲಿ ಪ್ರತಿಷ್ಠಾಪಿಸಿದ ಸ್ಮಾರಕವೊಂದಿದೆ. ಸಾಯುತ್ತಿರುವ ಇಬ್ಬರು ಮಕ್ಕಳನ್ನು ತಾಯಿ ಹಿಡಿದಿದ್ದಾಳೆ. ಇಬ್ಬರೂ ಪರಸ್ಪರ ಎದುರು ಪಕ್ಷದಲ್ಲಿ ಕಾದವರು, ಮೈಮೇಲೆ ಸಮವಸ್ತ್ರವಿಲ್ಲ. ‘ನಮ್ಮ ಮೃತರಿಗೆ’ ಎಂದಷ್ಟೇ ಬರಹ. ಯಾವ ದೇಶಕ್ಕಾಗಿ ಸತ್ತರೆಂಬುದನ್ನು ಶಿಲ್ಪ ಹೇಳುವುದಿಲ್ಲ. ಶಾಲೆಗಳಿಗೆ ಈ ವಿವೇಕ ಬರಲು ಬಹುಕಾಲ ಹಿಡಿಯಿತು. 1949ರಲ್ಲಿ ಯುರೋಪ್ ಮಂಡಳಿ ಇದೇ ನಗರದಲ್ಲಿ ನೆಲೆಗೊಂಡಿತು; ಆದರೆ ಫ್ರೆಂಚ್ ಮತ್ತು ಜರ್ಮನ್ ಎರಡರಲ್ಲೂ ಪಾಠ ಹೇಳುವ ತರಗತಿಗಳು ಆಲ್ಸೇಸಿನಲ್ಲಿ ತೆರೆದುದು 1990ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅನೇಕ ಮನೆಗಳಲ್ಲಿ ಅಜ್ಜಿ ಆಲ್ಸೇಷಿಯನ್ ನುಡಿಯಲ್ಲಿ ಕೇಳಿದರೆ ಮೊಮ್ಮಗು ಫ್ರೆಂಚಿನಲ್ಲಿ ಉತ್ತರಿಸುತ್ತಿತ್ತು.